ಒಂಬತ್ತನೆಯ ಆರ್ಡರು

2025ರ ಜುಲೈ 16, ಬುಧವಾರ, ಬೆಳಿಗ್ಗೆ 11.10. ಹೊಳೆನರಸೀಪುರ ನಗರ ಠಾಣೆಗೆ ಬಂದ ಹೆಂಗಸು ಬಾಗಿಲಲ್ಲೇ ನಿಂತು, ತಾನು ದೂರು ಕೊಡಬೇಕೋ ತಪ್ಪೊಪ್ಪಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ ಎಂದಳು. ಹೆಡ್ ಕಾನ್‌ಸ್ಟೇಬಲ್ ತಿಮ್ಮಪ್ಪ ತಲೆಯೆತ್ತಿ ನೋಡಿದ. ಪೇಟೆಯಲ್ಲಿ ವಿಡಿಯೋ ಸ್ಟುಡಿಯೋ ಇಟ್ಟುಕೊಂಡಿರುವ ರೂಪಶ್ರೀ. ಅವನ ತಂಗಿಯ ಮಗಳ ಮದುವೆಗೆ ವಿಡಿಯೋ ತೆಗೆದವಳು. ಅವತ್ತು ಗಂಡಿನ ಸೋದರಮಾವನನ್ನೇ ಗದರಿಸಿ ಸಾಲಿನಲ್ಲಿ ನಿಲ್ಲಿಸಿದ್ದ ಈ ಹೆಂಗಸು ಇವತ್ತು ಕುರ್ಚಿಯ ತುದಿಯಲ್ಲಿ ಕೂತು, ಒಂದು ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ತಿಮ್ಮಪ್ಪ ನೀರು ಕೊಟ್ಟ. ಅರ್ಧ ಲೋಟ ಸೀರೆಯ ಮೇಲೆ ಚೆಲ್ಲಿತು.

ಪಿಎಸ್‌ಐ ಷಡಕ್ಷರಿ ಅವಳನ್ನು ಒಳಗೆ ಕರೆದು ಕೂರಿಸಿ, ಮೊದಲಿನಿಂದ ಹೇಳಲು ಹೇಳಿದ. ಹೆಚ್ಚು ಮಾತಿನ ಆಸಾಮಿಯಲ್ಲ. ಎದುರಿಗೆ ಕೂತವರು ಮಾತಾಡಿ ಸುಸ್ತಾಗುವವರೆಗೂ ಸುಮ್ಮನೆ ಕಾಯುವ ತಾಳ್ಮೆ ಅವನಿಗಿತ್ತು.

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ವಿಡಿಯೋದವರಿಗೆ ಅದು ನೊಣ ಹೊಡೆಯುವ ತಿಂಗಳು. ಇಂಥ ಹೊತ್ತಿನಲ್ಲಿ ಸಣ್ಣ ಸ್ಟುಡಿಯೋದವರು ಯಾರೋ ಹಿಡಿದ ಕೆಲಸವನ್ನು ಕಾಂಟ್ರಾಕ್ಟಿಗೆ ಮಾಡಿಕೊಡುತ್ತಾರೆ. ಹೇಳಿದ ಜಾಗಕ್ಕೆ ಹೋಗುವುದು, ಹೇಳಿದಷ್ಟು ತೆಗೆಯುವುದು, ಕೊಟ್ಟು ಕೈತೊಳೆದುಕೊಳ್ಳುವುದು. ಯಾರಿಗೆ, ಯಾತಕ್ಕೆ ಎಂದು ಕೇಳುವ ಪದ್ಧತಿ ಆ ಕಸುಬಿನಲ್ಲಿಲ್ಲ. ಕೇಳಿದರೆ ಕೆಲಸ ಪಕ್ಕದ ಸ್ಟುಡಿಯೋಗೆ ಹೋಗುತ್ತದೆ. ಜೂನ್ ಕೊನೆಯ ವಾರ ರೂಪಶ್ರೀಯ ವಾಟ್ಸಾಪಿಗೆ ಒಂದು ಆರ್ಡರು ಬಂದಿತ್ತು. ಕಳಿಸಿದವಳ ಹೆಸರು ಮಾನ್ಯ; ಬಸ್ ಸ್ಟ್ಯಾಂಡುಗಳ ಮೇಲೆ ಡಾಕ್ಯುಮೆಂಟರಿ ಮಾಡುತ್ತಿದ್ದಾಳಂತೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಅರ್ಧ ಗಂಟೆ ಕ್ಯಾಮೆರಾ ಅಲುಗಿಸದೆ ತೆಗೆಯಬೇಕು, ಎಡಿಟಿಂಗ್ ಬೇಡ, ಟಿವಿಗೆ ಚುಚ್ಚಿದರೆ ಓಡಬೇಕು. ಪೆನ್‌ಡ್ರೈವನ್ನು ಕೊಣನೂರಿನ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ‘ಅಪ್ಪ ಸ್ಟ್ಯಾಂಡಿಗೆ ಬಂದು ಇಸ್ಕೊಳ್ತಾರೆ’ ಎಂದು ಬರೆದಿದ್ದಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಎರಡೆರಡು ಸಲ, ಒಟ್ಟು ಎಂಟು ಆರ್ಡರು ಮುಗಿದಿದ್ದವು. ಹೆಣ್ಣುಮಗಳು, ಮರ್ಯಾದೆಯ ಮಾತು, ಮಳೆ ಬಂದರೆ ‘ಕ್ಯಾಮೆರಾ ಹುಷಾರು ಅಕ್ಕ’ ಎಂಬ ಮೆಸೇಜು. ಅನುಮಾನಪಡುವುದಕ್ಕೆ ಏನೂ ಇರಲಿಲ್ಲ.

ಎಂಟನೆಯದು ಸೋಮವಾರ ಚನ್ನರಾಯಪಟ್ಟಣದ್ದು. ಅದರ ಪೆನ್‌ಡ್ರೈವ್ ತಲುಪಿದ ಮಾರನೇ ಬೆಳಿಗ್ಗೆ ಒಂದು ಮೆಸೇಜು ಬಂತು: ‘ಅವಳು ಯಾಕೆ ನಗ್ತಿದ್ದಾಳೆ?’

ಯಾರು ಎಂದು ರೂಪಶ್ರೀ ಕೇಳಿದಳು. ಉತ್ತರ ಬರಲಿಲ್ಲ. ನೂರಾರು ಜನರಿರುವ ಸ್ಟ್ಯಾಂಡಿನಲ್ಲಿ ‘ಅವಳು’ ಎಂದರೆ ಯಾರು? ತನ್ನ ಕಂಪ್ಯೂಟರಿನಲ್ಲಿ ಉಳಿದಿದ್ದ ಎಂಟೂ ವಿಡಿಯೋಗಳನ್ನು ತೆರೆದು ಕೂತಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳಿಗೆ ಹೊಳೆಯಿತು. ಎಂಟರಲ್ಲೂ ಒಬ್ಬಳೇ ಹುಡುಗಿ ಇದ್ದಳು. ಹಳದಿ ಕೊಡೆ, ಹೆಗಲಿಗೆ ಬಟ್ಟೆಯ ಚೀಲ, ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆ. ತಾನು ಬಸ್ ಸ್ಟ್ಯಾಂಡು ತೆಗೆಯುತ್ತಿರಲಿಲ್ಲ. ಮೂರು ವಾರದಿಂದ ಒಬ್ಬ ಹುಡುಗಿಯ ಬೆನ್ನು ಹತ್ತಿದ್ದಳು, ಅದೂ ಮೂರುಕಾಲಿನ ಸ್ಟ್ಯಾಂಡ್ ಹಾಕಿಕೊಂಡು, ರಾಜಾರೋಷವಾಗಿ.

ಅವಳು ನಕಲು ಮಾಡಿ ತಂದಿದ್ದ ಪೆನ್‌ಡ್ರೈವಿನಿಂದ ಷಡಕ್ಷರಿ ಎಂಟನೆಯ ವಿಡಿಯೋ ಹಾಕಿಸಿ ನೋಡಿದ. ಒಂದು ಕಡೆ ಕ್ಯಾಮೆರಾ ಮುಂದಕ್ಕೆ ಹೋಗಿ ಆ ಹುಡುಗಿಯ ಮುಖದ ಮೇಲೆ ನಿಂತಿತ್ತು. ಹೂ ಮಾರುವ ಮುದುಕಿಯ ಪಕ್ಕ ನಿಂತು ಅವಳು ಬಾಯ್ತುಂಬ ನಗುತ್ತಿದ್ದಳು.

“ಅಲುಗಿಸಬೇಡಿ ಅಂದಿದ್ರಲ್ಲ. ಜೂಮ್ ಯಾಕೆ ಮಾಡಿದ್ರಿ?”

“ಅಭ್ಯಾಸ ಸಾ. ಮದುವೇಲಿ ನಗೋ ಮುಖ ಕಂಡ್ರೆ ಕೈ ತಾನೇ ಓಗ್ಬುಡ್ತದೆ.”

“ಇವತ್ತು ಯಾಕೆ ಬಂದ್ರಿ? ನಿನ್ನೇನೇ ಬರಬಹುದಿತ್ತು.”

ರೂಪಶ್ರೀ ಫೋನನ್ನು ಮೇಜಿನ ಮೇಲೆ ತಿರುಗಿಸಿಟ್ಟಳು. ಬೆಳಿಗ್ಗೆ 8.15ಕ್ಕೆ ಒಂಬತ್ತನೆಯ ಆರ್ಡರು ಬಂದಿತ್ತು. ಶುಕ್ರವಾರ ಹತ್ತು ಗಂಟೆಗೆ ಮಲ್ಲಿಪಟ್ಟಣದ ರಸ್ತೆಯ ಕೈಮರದ ಹತ್ತಿರ, ಬಸ್ ನಿಲ್ಲುವ ಜಾಗದ ಎದುರು ಕ್ಯಾಮೆರಾ ಇಡಬೇಕು. ನಿಲ್ದಾಣದಿಂದ ಎಡಕ್ಕೆ ಕರೆಂಟ್ ಕಂಬದವರೆಗೆ ರಸ್ತೆ ಪೂರ್ತಿ ಕಾಣಬೇಕು. ಜೂಮ್ ಬೇಡ. ಕೊನೆಯ ಸಾಲು: ‘ಏನೇ ಆದರೂ ಕ್ಯಾಮೆರಾ ನಿಲ್ಲಿಸಬೇಡಿ.’

ಷಡಕ್ಷರಿ ಅದನ್ನು ಎರಡು ಸಲ ಓದಿದ. ಆಮೇಲೆ ತಿಮ್ಮಪ್ಪನನ್ನು ಕರೆದು ಬಾಗಿಲು ಮುಂದೆ ಮಾಡಲು ಹೇಳಿದ.

ಮಧ್ಯಾಹ್ನ 12.40ಕ್ಕೆ ಹೆಣ್ಣುಮಗಳನ್ನು ಹಿಂಬಾಲಿಸಿದ ಆರೋಪದ ಮೇಲೆ, ಭಾರತೀಯ ನ್ಯಾಯ ಸಂಹಿತೆ ಕಲಂ 78ರ ಅಡಿ ಎಫ್‌ಐಆರ್ ದಾಖಲಾಯಿತು. ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಪೆನ್‌ಡ್ರೈವ್ ಜಪ್ತಿ ಮಾಡಿದರು. ಆರೋಪಿಯ ಕಾಲಂನಲ್ಲಿ ಏನು ಬರೆಯುವುದೆಂದು ತಿಮ್ಮಪ್ಪ ಕೇಳಿದ. ಮಾನ್ಯ ಎಂಬ ಹೆಸರಿನ ನಂಬರ್ ಬಳಸುವ ಅಪರಿಚಿತ ವ್ಯಕ್ತಿ ಎಂದು ಬರೆಯಲು ಷಡಕ್ಷರಿ ಹೇಳಿದ. ತನ್ನ ಹೆಸರು ಯಾವ ಕಾಲಂಗೆ ಹೋಗುತ್ತದೋ ಎಂದು ರೂಪಶ್ರೀ ನೋಡುತ್ತಿದ್ದಳು. ಫಿರ್ಯಾದಿ ಎಂದು ಬರೆದದ್ದು ಕಂಡರೂ ಎದೆ ಹಗುರಾಗಲಿಲ್ಲ. ಎಂಟು ಸಲವೂ ಕ್ಯಾಮೆರಾ ಹಿಂದೆ ಇದ್ದದ್ದು ಅವಳದೇ ಕಣ್ಣು.

ಸಂಜೆ 4.30ಕ್ಕೆ ನಂಬರಿನ ವಿವರ ಬಂತು. ಸಿಮ್ ಮಾನ್ಯ ಹೆಸರಿನಲ್ಲೇ ಇತ್ತು, ವಿಳಾಸ ಕೊಣನೂರು. ಇಷ್ಟು ಸುಲಭವೇ ಎಂದುಕೊಂಡು ತಿಮ್ಮಪ್ಪ ಕೊಣನೂರಿನ ಪರಿಚಯದ ಪೊಲೀಸಿನವನಿಗೆ ಫೋನು ಹಚ್ಚಿದ. ಮಾತಾಡುತ್ತ ಅವನ ಮುಖ ಬದಲಾಯಿತು. ಫೋನಿಟ್ಟು ಷಡಕ್ಷರಿಯ ಕಡೆ ತಿರುಗಿದ.

“ಆ ಹುಡ್ಗಿ ಸತ್ತು ಮೂರು ವರ್ಸ ಆಗದೆ ಸಾ.”

ರೂಪಶ್ರೀ ಅಲ್ಲೇ ಬೆಂಚಿನ ಮೇಲಿದ್ದಳು. ಮೂರು ವಾರದಿಂದ ತನ್ನನ್ನು ಅಕ್ಕ ಅಕ್ಕ ಎಂದು ಕರೆದವಳು, ಊಟ ಆಯಿತಾ ಎಂದು ಕೇಳಿದವಳು. ಅವಳ ಕೈ ಫೋನಿನಿಂದ ತಾನಾಗಿ ಹಿಂದೆ ಸರಿಯಿತು.

ಗುರುವಾರ ಮೊದಲ ಕೆಲಸ ಕೊಡೆಯ ಹುಡುಗಿಯನ್ನು ಹುಡುಕುವುದು. ಆರ್ಡರಿನ ತಾರೀಖುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಸೋಮವಾರ ಚನ್ನರಾಯಪಟ್ಟಣ, ಮಂಗಳವಾರ ಹಾಸನ, ಬುಧವಾರ ಹೊಳೆನರಸೀಪುರ, ಗುರುವಾರ ಅರಕಲಗೂಡು. ಹೀಗೆ ವಾರ ಕಟ್ಟಿಕೊಂಡು ಊರೂರು ಸುತ್ತುವವರು ಸಂತೆ ವ್ಯಾಪಾರದವರು, ಇಲ್ಲವೇ ಪಾಠ ಹೇಳುವವರು ಎಂದು ಮಹಿಳಾ ಪೇದೆ ಸಿಂಧು ಹೇಳಿದಳು. ಬೆಳಿಗ್ಗೆ ಒಂಬತ್ತಕ್ಕೆ ಅವಳು, ತಿಮ್ಮಪ್ಪ, ರೂಪಶ್ರೀ ಮೂವರೂ ಅರಕಲಗೂಡು ಸ್ಟ್ಯಾಂಡಿನಲ್ಲಿ ನಿಂತರು. 9.35ಕ್ಕೆ ಹಾಸನದ ಬಸ್ಸು ಬಂತು. ಇಳಿದವರಲ್ಲಿ ಹಳದಿ ಕೊಡೆ ಇರಲಿಲ್ಲ, ಯಾಕೆಂದರೆ ಮಳೆ ಇರಲಿಲ್ಲ. ಆದರೆ ನಡಿಗೆ ಸಾಕಾಗಿತ್ತು. ಅಷ್ಟು ಗಂಟೆ ನೋಡಿದ ನಡಿಗೆ ರೂಪಶ್ರೀಗೆ ಸಾವಿರ ಜನರ ನಡುವೆಯೂ ತಪ್ಪುತ್ತಿರಲಿಲ್ಲ.

ಹೆಸರು ಭಾನುಪ್ರಿಯಾ, ವಯಸ್ಸು 25, ಹೆಂಗಸರಿಗೆ ಹೊಲಿಗೆ ಕಲಿಸುವ ಕೆಲಸ. ಶುಕ್ರವಾರ ಮಲ್ಲಿಪಟ್ಟಣದ ರಸ್ತೆಯ ಕೈಮರದಲ್ಲಿ ಇಳಿದು, ರಸ್ತೆ ದಾಟಿ ಆಚೆ ಬದಿಯ ಕೇಂದ್ರಕ್ಕೆ ಹೋಗುತ್ತಾಳೆ. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದರೆ ತಲೆಯಾಡಿಸಿದಳು. ಸಿಂಧು ಮಾನ್ಯ ಎಂಬ ಹೆಸರು ಹೇಳಿದಾಗ ಮಾತ್ರ ಅವಳು ಪಕ್ಕದ ಗೋಡೆ ಹಿಡಿದುಕೊಂಡಳು. ಆಮೇಲೆ ಬಂದ ಹೇಳಿಕೆ ಚಿಕ್ಕದು. ಇಬ್ಬರೂ ಒಂದೇ ಕಾಲೇಜು, ಜೀವದ ಗೆಳತಿಯರು. 2022ರ ಮಾರ್ಚಿನಲ್ಲಿ ಹಾಸನದಲ್ಲಿ ಪರೀಕ್ಷೆ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಲಾರಿ ಗುದ್ದಿತು, ಮಾನ್ಯ ಅಲ್ಲೇ ಸತ್ತಳು. ಗಾಡಿ ಓಡಿಸುತ್ತಿದ್ದವಳು ಭಾನುಪ್ರಿಯಾ. ಲಾರಿಯವನದೇ ತಪ್ಪೆಂದು ಕೋರ್ಟಿನಲ್ಲಿ ತೀರ್ಮಾನವಾಯಿತು. ಭಾನುಪ್ರಿಯಾ ಎರಡು ತಿಂಗಳು ಹಾಸಿಗೆಯಲ್ಲಿದ್ದು, ಎದ್ದ ಮೇಲೆ ಊರುಗೋಲು ಹಿಡಿದು ಕೊಣನೂರಿಗೆ, ಮಾನ್ಯಳ ತಂದೆತಾಯಿಯನ್ನು ನೋಡಲು ಹೋಗಿದ್ದಳು.

“ಅಂಕಲ್ ಗೇಟ್ ತೆಗೀಲಿಲ್ಲ. ಇನ್ನೊಂದ್ಸಲ ಈ ಕಡೆ ಬರಬೇಡ ಅಂದ್ರು. ನಾನೂ ಓಗ್ಲಿಲ್ಲ.”

ರೂಪಶ್ರೀ ಪಕ್ಕದಲ್ಲೇ ನಿಂತಿದ್ದಳು. ನಿನ್ನನ್ನು ತೆಗೆದವಳು ನಾನೇ ಎಂದು ಹೇಳಬೇಕೆಂದು ಬಾಯಿ ತೆರೆದು, ಹೇಳಲಾಗದೆ ಮುಚ್ಚಿದಳು. ನಾಚಿಕೆಗಿಂತ ಹೆಚ್ಚಾಗಿ ಅದು ಭಯ. ಆ ಹುಡುಗಿ ಬದುಕಿ ಉಳಿಯುವುದು ಇನ್ನು ಒಂದು ದಿನದ ಮಾತೋ ಏನೋ ಎಂಬ ಭಯ.

ಮಧ್ಯಾಹ್ನ 1.15ಕ್ಕೆ ಷಡಕ್ಷರಿ ಕೊಣನೂರಿನ ಮನೆ ಶೋಧಿಸಿದ. ಮಾನ್ಯಳ ತಂದೆ ಗೌರೀಶಂಕರ, ಗೊಬ್ಬರದ ಅಂಗಡಿಯವನು, ಮನೆಯಲ್ಲಿರಲಿಲ್ಲ. ಬುಧವಾರ ಬೆಳಿಗ್ಗೆ ಅಂಗಡಿಯ ಬಿಳಿ ಪಿಕಪ್ ತೆಗೆದುಕೊಂಡು, ಧರ್ಮಸ್ಥಳಕ್ಕೆ ಹೋಗಿ ಬರುತ್ತೇನೆ ಎಂದು ಹೊರಟವನ ಫೋನು ಸ್ವಿಚ್ ಆಫ್ ಆಗಿತ್ತು. ಟಿವಿಯ ಕೆಳಗೆ ಎಂಟು ಪೆನ್‌ಡ್ರೈವುಗಳು ತಾರೀಖಿನ ಚೀಟಿ ಹಚ್ಚಿಕೊಂಡು ಸಾಲಾಗಿ ಕೂತಿದ್ದವು. ಗುರುತಿಸಲು ಬಂದಿದ್ದ ರೂಪಶ್ರೀ ಎಲ್ಲವೂ ತನ್ನವೇ ಎಂದಳು. ಪಂಚನಾಮೆ ಬರೆಯುವಾಗ ಅವನ ಹೆಂಡತಿ ಕಮಲಾಕ್ಷಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಮಗಳ ಫೋನು ಯಾಕೆ ಚಾಲೂ ಇದೆ ಎಂದು ಷಡಕ್ಷರಿ ಕೇಳಿದ.

“ತಿಂಗ್ಳು ತಿಂಗ್ಳೂ ರೀಚಾರ್ಜ್ ಮಾಡುಸ್ತಿದ್ರು ಸಾ. ಅವ್ಳ ಗೆಳತೇರು ಯಾರಾರ ಫೋನ್ ಮಾಡಿದ್ರೆ ಎತ್ಬೇಕಲ್ಲಾ ಅಂತ.”

“ಯಾರಾದ್ರೂ ಮಾಡ್ತಿದ್ರಾ?”

“ಯಾರೂ ಮಾಡ್ಲಿಲ್ಲ.” ಅವರೇ ಮುಂದುವರಿಸಿದರು. “ಈ ವಿಡಿಯಾನ ಮೊದ್ಮೊದ್ಲು ಸುಮ್ನೆ ನೋಡೋರು. ಆ ಹುಡ್ಗಿ ಕಾಲೆಳ್ಕಂಡು ನಡೆಯೋದ ಕಂಡು ಕಣ್ಣೀರಾಕೋರು. ಮೊನ್ನೆ ಅದ್ಯಾವ್ದೋ ನಗೋದು ಬಂತು. ಅದನ್ನೇ ತಿರುಗ್ಸಿ ತಿರುಗ್ಸಿ ನೋಡುದ್ರು. ಆಮೇಕೆ ಉಣ್ಲಿಲ್ಲ.”

ಗೋಡೆಯ ಮೇಲಿನ ಫೋಟೋದಲ್ಲಿ ಮಾನ್ಯ ಕಾಲೇಜಿನ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದಳು. ರೂಪಶ್ರೀಗೆ ಆ ಮುಖ ನೋಡುವ ಧೈರ್ಯ ಬರಲಿಲ್ಲ.

ಸಂಜೆ 5.50ಕ್ಕೆ ಠಾಣೆಯಲ್ಲಿ ಅವಳ ಫೋನು ಸದ್ದು ಮಾಡಿತು. ಮಾನ್ಯ. ‘ನಾಳೆ ಬರ್ತೀರಲ್ಲ ಅಕ್ಕ?’

ಸತ್ತವಳ ಹೆಸರು ಪರದೆಯ ಮೇಲೆ ಮಿನುಗುತ್ತಿತ್ತು. ಷಡಕ್ಷರಿ ಬರ್ತೀನಿ ಎಂದು ಬರೆಯಲು ಹೇಳಿದ. ಅವಳು ಬರೆದಳು. ಅದು ತಲುಪಿದ ಗುರುತು ಬಿದ್ದ ಮರುಕ್ಷಣವೇ ಆ ಕಡೆಯ ಫೋನು ಆಫ್ ಆಯಿತು.

ಮಗಳು ಸತ್ತಂತೆಯೇ ಇವಳಿಗೂ ರಸ್ತೆಯ ಮೇಲೆ ಗಾಡಿ ಗುದ್ದಿಸುವುದು ಗೌರೀಶಂಕರನ ಲೆಕ್ಕವೆಂದು ಷಡಕ್ಷರಿ ಊಹಿಸಿದ್ದ. ಭಾನುಪ್ರಿಯಾಳನ್ನು ಶುಕ್ರವಾರ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಅವಳ ಕೊಡೆ, ಚೀಲ ಹಿಡಿದು ಸಿಂಧು ಬಸ್ಸಿನಿಂದ ಇಳಿಯುವುದು, ಇಳಿದು ರಸ್ತೆಯ ಅಂಚು ಬಿಟ್ಟು ಒಂದು ಹೆಜ್ಜೆಯೂ ಮುಂದಿಡದಿರುವುದು ಎಂದಾಯಿತು. ಆದರೆ ಗೌರೀಶಂಕರ ಮೊದಲು ಹುಡುಕುವುದು ಕ್ಯಾಮೆರಾವನ್ನು. ಅದು ಕಾಣದಿದ್ದರೆ ಹೊರಟುಹೋಗುತ್ತಾನೆ, ಇನ್ನೊಂದು ದಿನ ಯಾರಿಗೂ ಹೇಳದೆ ಬರುತ್ತಾನೆ. ರೂಪಶ್ರೀ ಅಲ್ಲಿ ನಿಲ್ಲಲೇಬೇಕಿತ್ತು. ಬಲವಂತವಿಲ್ಲ ಎಂದು ಷಡಕ್ಷರಿ ಹೇಳಿದ. ಬರ್ತೀನಿ ಎಂದು ಬರೆದಾಯಿತಲ್ಲ ಸಾ, ಎಂದಳು ಅವಳು.

ಜುಲೈ 18, ಶುಕ್ರವಾರ, ಬೆಳಿಗ್ಗೆ 9.55. ತುಂತುರು ಮಳೆ. ಕೈಮರದ ಬುಡದಲ್ಲಿ ರೂಪಶ್ರೀ ಕ್ಯಾಮೆರಾ ನಿಲ್ಲಿಸಿ ಪ್ಲಾಸ್ಟಿಕ್ ಹೊದಿಸಿದಳು. ಎದುರು ಬದಿಯಲ್ಲಿ ಬಸ್ ನಿಲ್ಲುವ ಜಾಗ, ಎಡಕ್ಕೆ ಅರಕಲಗೂಡಿನ ದಿಕ್ಕು, ಬಲಕ್ಕೆ ಮಲ್ಲಿಪಟ್ಟಣದ ದಿಕ್ಕು. ಗೌರೀಶಂಕರ ಅರಕಲಗೂಡಿನ ಕಡೆಯಿಂದ ಬರುವ ಬಸ್ಸಿನ ಹಿಂದೆಯೇ ಬರುತ್ತಾನೆಂದು ಲೆಕ್ಕ ಹಾಕಿ ಷಡಕ್ಷರಿ ಜೀಪನ್ನು ಎಡಗಡೆಯ ಟೀ ಅಂಗಡಿಯ ಹಿಂದೆ ನಿಲ್ಲಿಸಿದ್ದ. ತಿಮ್ಮಪ್ಪ ಪಂಚೆ ಉಟ್ಟು ಅಂಗಡಿಯ ಮುಂದೆ ಬನ್ನು ತಿನ್ನುತ್ತಿದ್ದ. ವೇಷಕ್ಕೆಂದು ಕೊಂಡದ್ದಾದರೂ ಮೂರನೆಯ ಬನ್ನು ನಡೆಯುತ್ತಿತ್ತು.

ರೂಪಶ್ರೀ ಆರ್ಡರಿನಲ್ಲಿ ಹೇಳಿದಂತೆ ಚೌಕಟ್ಟು ಹೊಂದಿಸಿದಳು. ಬಲಗಡೆ ಬಸ್ ನಿಲ್ಲುವ ಜಾಗ, ಎಡಗಡೆ ಕಂಬದವರೆಗೆ ಬರೀ ಖಾಲಿ ರಸ್ತೆ. ಏನೋ ಸರಿಯಿಲ್ಲ ಎನಿಸಿತು. ಮದುವೆಯಲ್ಲಿ ಗಂಡು ಹೆಣ್ಣು ನಡೆದು ಬರುವಾಗ ಕ್ಯಾಮೆರಾದವರು ಅವರ ಮುಂದೆ ಜಾಗ ಬಿಡುತ್ತಾರೆ, ಹಿಂದೆ ಬಿಡುವುದಿಲ್ಲ. ಹೋಗುವವರು ಹೋಗುವುದಕ್ಕೆ ಜಾಗ ಬೇಕು. ಇಲ್ಲಿ ಖಾಲಿ ಜಾಗವೆಲ್ಲ ಎಡಕ್ಕಿತ್ತು. ಪಿಕಪ್ ಬರುವುದು ಎಡದಿಂದ ಅಲ್ಲ. ಬಲದಿಂದ ಬಂದು, ರಸ್ತೆ ದಾಟುವ ಹುಡುಗಿಯನ್ನು ಗುದ್ದಿ, ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಆ ಖಾಲಿ ಜಾಗ ಅದಕ್ಕೆಂದೇ ಕೇಳಿದ್ದು.

ಆರ್ಡರು ಮೀರಿ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ ಜೂಮ್ ಮಾಡಿದಳು. ನೀಲಗಿರಿ ಮರಗಳ ಮರೆಯಲ್ಲಿ ಬಿಳಿ ಪಿಕಪ್ ಇತ್ತು. ನಂಬರಿಗೆ ಕೆಸರು ಬಳಿದಿತ್ತು. ಗಾಜಿನ ಹಿಂದೆ ಹಣೆಯ ತುಂಬ ವಿಭೂತಿ ಇಟ್ಟ ಒಬ್ಬ ಹಿರಿಯ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ದೇವರ ಕೋಣೆಯಲ್ಲಿ ಕೂತಷ್ಟು ಸುಮ್ಮನೆ ಕೂತಿದ್ದ. ಸಮಯ 10.14.

ಫೋನಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. “ಸಾ, ಬಲಗಡೆ ಅವ್ನೆ. ಮಲ್ಲಿಪಟ್ಟಣದ ಕಡೆ.”

10.19ಕ್ಕೆ ಬಸ್ಸು ಬಂತು. ಸಿಂಧು ಇಳಿದು ಹಳದಿ ಕೊಡೆ ಬಿಚ್ಚಿದಳು. ಬಸ್ಸು ಮುಂದೆ ಸರಿಯಿತು. ಪಿಕಪ್ ಮರಗಳ ನಡುವಿನಿಂದ ಹೊರಬಂದು ರಸ್ತೆಗೆ ಬಿತ್ತು. ಷಡಕ್ಷರಿ ಅಂಗಡಿಯ ಹಿಂದಿನಿಂದ ಜೀಪು ತಂದ ರೀತಿಗೆ ಒಂದು ಬೆಂಚು ಮುರಿಯಿತು. ಕೊಡೆಗೂ ಪಿಕಪ್ಪಿಗೂ ನಡುವೆ ಅವನು ಜೀಪನ್ನು ಅಡ್ಡ ಹಾಕಿದ. ಬ್ರೇಕಿನ ಕಿರುಚಾಟ, ಗಾಜು ಒಡೆದ ಸದ್ದು, ಆಮೇಲೆ ಮಳೆಯ ಸದ್ದು ಮಾತ್ರ. ಜೀಪಿನ ಮುಂಭಾಗ ನಜ್ಜುಗುಜ್ಜಾಗಿತ್ತು. ಷಡಕ್ಷರಿ ಮೊಣಕೈ ಹಿಡಿದುಕೊಂಡು ಇಳಿದ. ಪಿಕಪ್ಪಿನವನು ಓಡಲಿಲ್ಲ. ತಿಮ್ಮಪ್ಪ ಬಾಗಿಲು ತೆಗೆದು ಕೀ ಕಿತ್ತುಕೊಂಡಾಗ ಅವನು ಕೊಡೆಯ ಕೆಳಗಿನ ಮುಖವನ್ನೇ ನೋಡುತ್ತಿದ್ದ. ಅದು ಅವಳಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ರೂಪಶ್ರೀ ಕ್ಯಾಮೆರಾ ನಿಲ್ಲಿಸಿರಲಿಲ್ಲ. 10.24ಕ್ಕೆ ಗೌರೀಶಂಕರನನ್ನು ದಸ್ತಗಿರಿ ಮಾಡಿದ್ದೂ ಅದರಲ್ಲಿ ದಾಖಲಾಗಿತ್ತು. ಕೊಲೆ ಯತ್ನದ ಕಲಂ 109 ಸೇರಿತು. ಪಿಕಪ್, ಮೆಮೊರಿ ಕಾರ್ಡು, ಅವನ ಜೇಬಿನಲ್ಲಿದ್ದ ಮಗಳ ಫೋನು ಜಪ್ತಿಯಾದವು.

ಅರಕಲಗೂಡು ಠಾಣೆಯಲ್ಲಿ ಅವನು ಎಲ್ಲವನ್ನೂ ಒಪ್ಪಿಕೊಂಡ. ಮಗಳ ವಯಸ್ಸಿನವಳು ಈಗ ಹೇಗಿರುತ್ತಾಳೆ ಎಂದು ನೋಡುವ ಆಸೆಯಿಂದ ಶುರುವಾದದ್ದು. ಅವಳು ಯಾವ ದಿನ ಯಾವ ಊರಿಗೆ ಹೋಗುತ್ತಾಳೆಂದು ಅವರಿವರನ್ನು ಕೇಳಿ ತಿಳಿದುಕೊಂಡಿದ್ದ. ಎದುರಿಗೆ ಹೋದರೆ ಗುರುತು ಹಿಡಿಯುತ್ತಾಳೆ, ಅದಕ್ಕೆ ಕ್ಯಾಮೆರಾ. ಮಗಳ ಫೋನಿನಿಂದ ಬರೆಯುವಾಗ ಬರೆಯುತ್ತಿರುವುದು ಮಗಳೇ ಎಂದೆನಿಸುತ್ತಿತ್ತಂತೆ. ಏಳು ವಿಡಿಯೋದಲ್ಲಿ ಭಾನುಪ್ರಿಯಾ ಒಮ್ಮೆಯೂ ನಕ್ಕಿರಲಿಲ್ಲ. ಅದರಿಂದ ಅವನಿಗೆ ಒಂದು ಬಗೆಯ ಸಮಾಧಾನವಿತ್ತು. ಇಷ್ಟು ಹೇಳಿ ಅವನು ತಲೆಯೆತ್ತಿದ.

“ಅವಳು ಯಾಕೆ ನಕ್ಳು ಅಂತ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲಿ ಭಾನುಪ್ರಿಯಾ ಸಿಂಧುವಿನ ಜೊತೆ ಕೂತಿದ್ದಳು. ರೂಪಶ್ರೀ ಅವಳ ಎದುರು ಕೂತು, ಚನ್ನರಾಯಪಟ್ಟಣದಲ್ಲಿ ನಿನ್ನನ್ನು ತೆಗೆದವಳು ನಾನು ಎಂದು ಕೊನೆಗೂ ಹೇಳಿದಳು. ಸೋಮವಾರ ನೀನು ಯಾಕೆ ನಕ್ಕೆ ಎಂದೂ ಕೇಳಿದಳು. ಭಾನುಪ್ರಿಯಾ ಅವಳ ಮುಖ ನೋಡಿದಳು.

“ಓ, ನೀವಾ ಅಕ್ಕ. ಹೂವಿನಜ್ಜಿ ತೋರ್ಸುದ್ರು. ಅಗಾ ನೋಡವ್ವಾ, ನಿನ್ನೇ ಶೂಟಿಂಗ್ ಮಾಡ್ತಾವ್ರೆ, ನೀನು ಹೀರೋಯಿನ್ ಆದೆ ಅಂತ. ಅದಕ್ಕೆ ನಗು ಬಂತು.”

ರೂಪಶ್ರೀ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ನಗುವನ್ನು ಹುಟ್ಟಿಸಿದ್ದೂ ಅವಳ ಕ್ಯಾಮೆರಾ, ಹತ್ತಿರಕ್ಕೆಳೆದು ತೋರಿಸಿದ್ದೂ ಅವಳ ಕ್ಯಾಮೆರಾ. ಸಾಯಿಸಲು ಹೊರಟವನು ಕಾರಣವೆಂದುಕೊಂಡದ್ದು ಅವನೇ ಕಳಿಸಿದ ಕ್ಯಾಮೆರಾ ಕಂಡು ಬಂದ ನಗುವನ್ನು.

ಸಂಜೆ 6.20ಕ್ಕೆ ಷಡಕ್ಷರಿ ಅದನ್ನು ಗೌರೀಶಂಕರನಿಗೆ ಹೇಳಿದ. ಹೇಳಿಕೆಗೆ ಸಹಿ ಹಾಕುವ ಮುಂಚೆ ಅವನು ಪೆನ್ನು ಹಿಡಿದುಕೊಂಡು ತಿಮ್ಮಪ್ಪನನ್ನು ಕೇಳಿದ:

“ಅವಳ ಕಾಲು ಈಗ್ಲೂ ನೋಯ್ತದಾ?”

ಇದು ಹೇಳಿಕೆಗೆ ಸೇರುತ್ತದೆಯೇ ಎಂದು ತಿಮ್ಮಪ್ಪ ಸಾಹೇಬರ ಮುಖ ನೋಡಿದ. ಷಡಕ್ಷರಿ ಬರೆದುಕೋ ಎಂದ. ತಿಮ್ಮಪ್ಪ ಬರೆದುಕೊಂಡ.